ರನ್‌ವೇ ವಿರೋಧಕ್ಕೆ ಬಟ್ಟೆ ಬ್ಯಾನರ್: ಕೊಡಗಿನ ಮಳೆ ತಡೆಯುತ್ತದೆಯೇ?

ನೋಡುತ್ತಿರುವುದು ಕೈಯಲ್ಲಿ ಬರೆದ ಬಟ್ಟೆ ಬ್ಯಾನರ್, 20 ಅಡಿ ಉದ್ದ, 4 ಅಡಿ ಎತ್ತರ. ಎದುರಾಳಿ ಫ್ಲೆಕ್ಸ್. ಬಳಸುವ ಜಾಗ ಮಡಿಕೇರಿಯ ತಿಮ್ಮಯ್ಯ ವೃತ್ತದಂಥ ಗಾಳಿ, ಮಂಜು, ಜಡಿಮಳೆ ಮೂರೂ ಇರುವ ಕಡೆ. ಬಳಸುವವರು ವಿಮಾನ ನಿಲ್ದಾಣ ವಿಸ್ತರಣೆ ಬೇಡವೆಂದು ರಸ್ತೆಗಿಳಿಯುವ ಪರಿಸರ ಹೋರಾಟಗಾರರು.

ಇಂಥ ಹೋರಾಟದಲ್ಲಿ ಬ್ಯಾನರ್ ಅಲಂಕಾರಕ್ಕಲ್ಲ. 2008ರ ಫೆಬ್ರವರಿ 25ರಂದು ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ನಾಲ್ವರು ಲಂಡನ್ನಿನ ಹೀಥ್ರೂನಲ್ಲಿ ನಿಂತಿದ್ದ ವಿಮಾನದ ಮೇಲೆ ಹತ್ತಿ, ಮೂರನೇ ರನ್‌ವೇ ಬೇಡ ಎಂಬ ಬ್ಯಾನರನ್ನು ಬಾಲಕ್ಕೆ ಸುತ್ತಿದರು. ಎರಡೇ ದಿನಕ್ಕೆ ಪ್ಲೇನ್ ಸ್ಟುಪಿಡ್ ಎಂಬ ಹೋರಾಟಗಾರರ ಗುಂಪಿನ ಐವರು ಬ್ರಿಟನ್ನಿನ ಪಾರ್ಲಿಮೆಂಟಿನ ಚಾವಣಿಯಿಂದ ಬ್ಯಾನರ್ ಇಳಿಬಿಟ್ಟರು. ಅದರಲ್ಲೊಂದರ ಮೇಲಿದ್ದದ್ದು ‘ಬಿಎಎ ಎಚ್‌ಕ್ಯೂ’ ಅಷ್ಟೇ. ಬಿಎಎ ಅಂದರೆ ಆಗ ಹೀಥ್ರೂ ನಡೆಸುತ್ತಿದ್ದ ಕಂಪನಿ. ಪಾರ್ಲಿಮೆಂಟೇ ಅದರ ಹೆಡ್ ಆಫೀಸು ಎಂಬ ಕುಟುಕು. ಇಂಗ್ಲಿಷಿನಲ್ಲಿ ಐದೇ ಅಕ್ಷರ. 2015ರ ಜುಲೈ 13ರಂದು ಹೀಥ್ರೂ ರನ್‌ವೇ ಮೇಲೇ ಕೂತ 13 ಮಂದಿಗೆ ಮರುವರ್ಷ ಆರು ವಾರದ ಜೈಲು ಶಿಕ್ಷೆಯಾಗಿ, ಅದನ್ನು ಅಮಾನತಿನಲ್ಲಿಡಲಾಯಿತು. ಅಷ್ಟು ಬೆಲೆ ತೆರುವ ಕೆಲಸದ ಫೋಟೋದಲ್ಲಿ ಬರಹ ಓದಲಾಗದಿದ್ದರೆ ಪಟ್ಟ ಕಷ್ಟವೆಲ್ಲ ನೀರುಪಾಲು.

ನಮ್ಮಲ್ಲಿ ಬರಹ ಕೆಡುವುದು ಬಣ್ಣದಿಂದಲ್ಲ, ಒತ್ತಕ್ಷರದಿಂದ. ‘ವಿಮಾನ ನಿಲ್ದಾಣ ವಿಸ್ತರಣೆ ವಿರೋಧಿ ಹೋರಾಟ ಸಮಿತಿ’ ಎಂದು ಬರೆಸಿ ನೋಡಿ. 19 ಅಕ್ಷರ, ಎರಡು ಸಾಲು ಮಾಡಲೇಬೇಕು. ಮೂಲ ಅಕ್ಷರ 12 ಇಂಚು ಹಿಡಿದರೆ ಒತ್ತಿಗೆ ಕೆಳಗೆ ಇನ್ನೂ 7 ಇಂಚು. ಎರಡು ಸಾಲಿಗೆ 38 ಇಂಚು, ಉಳಿದ 10 ಇಂಚಿನಲ್ಲೇ ಮೇಲೆ, ಕೆಳಗೆ, ನಡುವೆ ಖಾಲಿ ಬಿಡಬೇಕು. ಬರೆಯುವವರು ಸಾಮಾನ್ಯವಾಗಿ ಮಾಡುವುದೇನೆಂದರೆ ಒತ್ತನ್ನು ಕುಗ್ಗಿಸಿ ಮೇಲಕ್ಕೆ ತುರುಕುವುದು. ನೂರಡಿ ಆಚೆಯಿಂದ ಅದು ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ‘ಹಾರಾಟ ಸಾಕು, ಕಾಡು ಬೇಕು’ ಎಂದರೆ ಒಂಬತ್ತೇ ಅಕ್ಷರ, ಒಂದೂ ಒತ್ತಿಲ್ಲ, ಒಂದೇ ಸಾಲಿನಲ್ಲಿ 15 ಇಂಚಿನ ಅಕ್ಷರ ಕೂರುತ್ತದೆ. ಬೋರ್ಡಿನವರ ಲೆಕ್ಕದಲ್ಲಿ ಹತ್ತಡಿ ದೂರಕ್ಕೆ ಒಂದಿಂಚು ಅಕ್ಷರ. ಅಂದರೆ 150 ಅಡಿಯಿಂದ ಆರಾಮಾಗಿ ಓದಬಹುದು. ಸಮಿತಿಯ ಹೆಸರು ಬೇಕೇ ಬೇಕೆಂದರೆ ಮೂಲೆಯಲ್ಲಿ ಸಣ್ಣದಾಗಿ ಇರಲಿ. (ಅಧ್ಯಕ್ಷರ ಫೋಟೋ ಕೇಳುವವರಿಗೆ ಫ್ಲೆಕ್ಸೇ ಗತಿ.)

ಬಣ್ಣ: ಹಳದಿ ನೆಲದ ಮೇಲೆ ಕಪ್ಪು ಅಕ್ಷರ. ಮಂಜಿನಲ್ಲಿ ಇದನ್ನು ಮೀರಿಸುವ ಜೋಡಿ ಇನ್ನೊಂದಿಲ್ಲ. ಬಿಳಿ ಮೇಲಿನ ಕೆಂಪು ಬೆಳಕು ತಗ್ಗಿದ ಕೂಡಲೇ ಕಪ್ಪಾಗಿ ಮಂಕಾಗುತ್ತದೆ. ಪರಿಸರವೆಂದು ಹಸಿರು ನೆಲಕ್ಕೆ ಕೆಂಪು ಅಕ್ಷರ ಬರೆಸಿದರೆ ಹತ್ತಿರ ಹೋದರೂ ಓದಲಾಗುವುದಿಲ್ಲ.

ಬಟ್ಟೆಗೆ ಬರೋಣ. ಕೋರಾ ಬಟ್ಟೆ (ಬಿಳುಪು ಮಾಡದ ಹತ್ತಿ ಬಟ್ಟೆ), 63 ಇಂಚು ಪನ್ನ, ಅಂದರೆ ಅಗಲ, 7 ಮೀಟರ್ ತೆಗೆದುಕೊಳ್ಳಿ. 44 ಇಂಚಿನ ಪನ್ನ ತಂದರೆ 4 ಅಡಿಗೆ ಸಾಲದೆ ಜೋಡಿಸಿ ಹೊಲಿಯಬೇಕು, ಆ ಹೊಲಿಗೆ ಅಕ್ಷರದ ಮೇಲೇ ಹಾದುಹೋಗುತ್ತದೆ. ಅಂಗಡಿಯಲ್ಲಿ ‘ಬಟ್ಟೆ’ ಎಂದು ಕೊಡುವುದೆಲ್ಲ ಹತ್ತಿಯಲ್ಲ. ಅಂಚಿನ ಒಂದೆಳೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗುಂಡಗಾದರೆ ಪ್ಲಾಸ್ಟಿಕ್ ಎಳೆ.

ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಒಗೆಯದೆ ಬರೆದರೆ ಬಣ್ಣ ಗಂಜಿಯ ಮೇಲೆ ಕೂತಿರುತ್ತದೆ, ಎರಡನೇ ಮಳೆಗೆ ಹಪ್ಪಳದಂತೆ ಏಳುತ್ತದೆ. ಒಗೆದರೆ ಬಟ್ಟೆ ಒಂದಡಿಯಷ್ಟು ಕುಗ್ಗುತ್ತದೆ; ಅದಕ್ಕೇ 7 ಮೀಟರ್. ಅವಸರದ ಆರ್ಡರಿನಲ್ಲಿ ಬರೆಯುವವರು ಮೊದಲು ಬಿಡುವ ಹಂತ ಇದೇ, ಆದ್ದರಿಂದ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ ನೀವೇ ಕೊಡುವುದು ಕ್ಷೇಮ.

ಬಣ್ಣ ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಎಮಲ್ಷನ್ ಆಗಲಿ, ನೀರು ಕಾಲು ಭಾಗ ಮೀರದಿರಲಿ. ಅಕ್ಷರಕ್ಕೆ ಎರಡು ಕೋಟು ಬಳಿಯಲು ಒಂದು ಲೀಟರ್ ಸಾಕು. ನೆಲದ ಹಳದಿಗೆ ಮಾತ್ರ ತೆಳ್ಳಗೆ ಒಂದೇ ಕೋಟು. ದಪ್ಪ ಬಳಿದರೆ ಬಟ್ಟೆ ತಗಡಿನಂತೆ ಸೆಟೆಯುತ್ತದೆ. ಆಯಿಲ್ ಪೇಂಟ್ ಮಡಚಿದಲ್ಲೆಲ್ಲ ಬಿರುಕು ಬಿಡುತ್ತದೆ. ಡಿಸ್ಟೆಂಪರ್ ಅಗ್ಗ ನಿಜ, ಒಂದು ಮಳೆಗೆ ಹೋರಾಟಗಾರರ ಶರ್ಟಿನ ಮೇಲೆ ಸ್ಲೋಗನ್ ಇಳಿದಿರುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕೆ ಕೈಗೆ ಬರುವ ಬ್ಯಾನರ್ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಐದು ದಿನ ಕೇಳುತ್ತದೆ. ಮುಟ್ಟಿದರೆ ಒಣಗಿದ ಹಾಗಿದ್ದರೂ ಮಡಚಿಟ್ಟರೆ ಅಕ್ಷರಕ್ಕೆ ಅಕ್ಷರ ಅಂಟಿಕೊಂಡು, ಬಿಡಿಸುವಾಗ ಎರಡೂ ಹರಿಯುತ್ತವೆ. ಬಿದಿರಿಗೆ ಸುತ್ತಿ, ನಡುವೆ ಹಳೇ ಪೇಪರ್ ಹಾಕಿ ತನ್ನಿ.

ಮಳೆಯಲ್ಲಿ ಬಟ್ಟೆ ಭಾರವಾಗುತ್ತದೆಂಬ ದೂರು ಅರ್ಧ ಸತ್ಯ. ಚದರ ಮೀಟರಿಗೆ 150 ಗ್ರಾಂ ತೂಗುವ ಬಟ್ಟೆಯಾದರೆ 80 ಚದರಡಿಗೆ ಒಣಗಿದಾಗ 1.1 ಕೆಜಿ, ನೆನೆದರೆ ಎರಡೂವರೆ ಕೆಜಿ ಆಸುಪಾಸು. ಅಷ್ಟೇ ಅಳತೆಯ 280 ಗ್ರಾಂ ಫ್ಲೆಕ್ಸ್ ಒಣಗಿದ್ದಾಗಲೇ ಎರಡು ಕೆಜಿ ದಾಟುತ್ತದೆ. ನಿಜವಾದ ಶತ್ರು ಗಾಳಿ. ಗಂಟೆಗೆ 40 ಕಿಲೋಮೀಟರ್ ಗಾಳಿ ಎದುರಿಗೆ ಬಡಿದರೆ ಈ ಅಳತೆಯ ಬ್ಯಾನರ್ ಮೇಲೆ 55 ಕೆಜಿಗೂ ಮೀರಿದ ಒತ್ತಡ. ಎರಡು ತುದಿಯಲ್ಲಿ ಇಬ್ಬರು ಹಿಡಿದು ನಿಲ್ಲುವ ಮಾತಲ್ಲ ಅದು. ನಡುನಡುವೆ ಅರ್ಧಚಂದ್ರಾಕಾರದ ತೂತು ಕತ್ತರಿಸುವ ರೂಢಿಯಿದೆ. ಅಷ್ಟು ಸಣ್ಣ ತೂತಿನಿಂದ ಒತ್ತಡ ಇಳಿಯುವುದು ನೆಪಮಾತ್ರಕ್ಕೆ, ಬಟ್ಟೆ ಹರಿಯಲು ಶುರುವಾಗುವುದು ಮಾತ್ರ ಅಲ್ಲಿಂದಲೇ. ಅದರ ಬದಲು ಮೇಲಂಚಿನ ಮಡಿಕೆಯೊಳಗೆ ಹಗ್ಗ ಸೇರಿಸಿ ಹೊಲಿಸಿ, ಎಳೆತವೆಲ್ಲ ಹಗ್ಗಕ್ಕೆ ಹೋಗಲಿ. ಪನ್ನದಲ್ಲಿ ಉಳಿದ ಪಟ್ಟಿಯಿಂದ ಮೂರಡಿಗೊಂದು ಕೈಹಿಡಿ ಹೊಲಿಸಿದರೆ ಏಳೆಂಟು ಜನ ಹಂಚಿಕೊಂಡು ಹಿಡಿಯಬಹುದು. ಕೋಲಿನ ಮೇಲೆ ಪೊಲೀಸರು ತಕರಾರು ತೆಗೆದರೂ ಕೈಹಿಡಿ ಇದ್ದರೆ ಕೆಲಸ ನಿಲ್ಲುವುದಿಲ್ಲ. ಲೋಹದ ರಿಂಗ್ ಹೊಡೆಸುವುದಾದರೆ ಬಟ್ಟೆ ನಾಲ್ಕು ಪದರ ಇರಲೇಬೇಕು. ಒಂಟಿ ಪದರಕ್ಕೆ ಹೊಡೆದ ರಿಂಗ್ ಮೊದಲ ಗಾಳಿಗೇ ಕಿತ್ತು ಬರುತ್ತದೆ.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ, ಗಂಟೆಯೊಳಗೆ ಸಿಗುತ್ತದೆ, ಮಳೆಗೆ ಏನೂ ಆಗದು. ಆದರೆ 2016ರ ಮಾರ್ಚ್ 11ರ ಅಧಿಸೂಚನೆಯಿಂದ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್ ನಿಷೇಧವಾಗಿದೆ. ಹವಾಮಾನದ ಮಾತಾಡುವವರು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಾಳೆ ಹಿಡಿದು ನಿಂತರೆ ಎದುರಿನವರಿಗೆ ಬೇರೆ ವಾದವೇ ಬೇಕಿಲ್ಲ. ಮೇಲಾಗಿ ಅದರ ಹೊಳಪಿಗೆ ಕ್ಯಾಮೆರಾದಲ್ಲಿ ಅರ್ಧ ಅಕ್ಷರ ಬೆಳ್ಳಗಾಗಿ ಹೋಗುತ್ತದೆ. ಆಮೇಲೆ ಅದು ಸೌದೆ ರಾಶಿಗೋ ದನದ ಕೊಟ್ಟಿಗೆಗೋ ಹೊದಿಕೆಯಾಗಿ ವರ್ಷಗಟ್ಟಲೆ ಉಳಿಯುವುದನ್ನು ಎಲ್ಲ ಊರಲ್ಲೂ ನೋಡಬಹುದು.

ಕೈಬರಹದ ಸೇವೆಯಲ್ಲಿ ಒಂದು ದೊಡ್ಡ ಕೊರತೆ ಕಾಗುಣಿತ. ‘ಪ್ರತಿಭಟನೆ’ಯ ಮಹಾಪ್ರಾಣ ಹಾರಿ ‘ಪ್ರತಿಬಟನೆ’ ಆದರೆ ಸಂಜೆಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ನಗೆಪಾಟಲು. ಫೋನಿನಲ್ಲಿ ಹೇಳಬೇಡಿ, ವಾಯ್ಸ್ ಮೆಸೇಜೂ ಬೇಡ. ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊಡಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆ ಒಮ್ಮೆ ಹೋಗಿ ಓದಿ, ಆಮೇಲೆ ಬ್ರಷ್ ಮುಟ್ಟಲಿ. ತಾರೀಕು, ಜಾಗ ಇವನ್ನು ಮುಖ್ಯ ಬಟ್ಟೆಯಲ್ಲಿ ಬರೆಸಬೇಡಿ. ಬೇರೆ ತುಂಡಿನಲ್ಲಿ ಬರೆಸಿ ಪಿನ್ ಹಾಕಿದರೆ ಅದೇ ಬ್ಯಾನರ್ ಮಡಿಕೇರಿಗೂ ಆಗುತ್ತದೆ, ಮುಂದೆಂದೋ ಬೆಂಗಳೂರಿನ ಫ್ರೀಡಂ ಪಾರ್ಕಿಗೂ ಆಗುತ್ತದೆ.

ಮಳೆಯಿಂದ ತಂದ ಬ್ಯಾನರನ್ನು ಅದೇ ರಾತ್ರಿ ಒಲೆಯ ಮೇಲಿನ ಅಟ್ಟದ ಹತ್ತಿರ ಹರಡಿ. ಹೊಗೆ ಹಿಡಿದರೂ ಚಿಂತೆಯಿಲ್ಲ. ಎರಡು ದಿನ ಚೀಲದಲ್ಲಿ ಬಿಟ್ಟರೆ ಹಿಡಿಯುವ ಬೂಸ್ಟು ಮಾತ್ರ ಒಗೆದರೂ ಹೋಗದು.