ಮ್ಯಾನ್‌ಹ್ಯಾಟನ್‌ನಲ್ಲಿ ಕೋ-ಆಪ್ ಮನೆ ಕೊಳ್ಳೋರೇ, ಅಡುಗೆಮನೆ ಆಮೇಲೆ ನೋಡಿ

ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. "ಅಪ್ಪರ್ ಈಸ್ಟ್ ಸೈಡ್‌ನಲ್ಲಿ ಒನ್ ಬೆಡ್‌ರೂಮ್ ಕೋ-ಆಪ್ ಸಿಕ್ತಿದೆ ಕಣೇ, ಕಾಂಡೊಗಿಂತ ಎಷ್ಟೋ ಕಡಿಮೆಗೆ. ತಗೊಂಡು ಬಿಡೋಣ ಅಂತಿದೀವಿ" ಅಂದಳು. ಕಾಂಡೊ ಅಂದರೆ ನಮ್ಮೂರ ಫ್ಲ್ಯಾಟಿನ ಹಾಗೆ, ಮನೆ ನೇರ ನಮ್ಮ ಹೆಸರಿಗೇ ಆಗುತ್ತೆ. ಕೋ-ಆಪ್ ಅಂದರೆ ಸಹಕಾರಿ ಕಟ್ಟಡದ ಮನೆ, ಅದರ ಕಥೆಯೇ ಬೇರೆ. ಒಂದು ಗಂಟೆ ಅವಳ ತಲೆ ತಿಂದೆ. ಇಟ್ಟ ಮೇಲೆ ಅನ್ನಿಸಿತು, ಇದನ್ನು ಬರೆದೇ ಹಾಕೋಣ ಅಂತ.

2019ರಲ್ಲಿ ನಾವೂ ಅದೇ ಏರಿಯಾದಲ್ಲಿ ಅಂಥದ್ದೇ ಮನೆ ಕೊಂಡಿದ್ದೆವು. 1920ರ ದಶಕದ ಕಟ್ಟಡ. ಎರಡನೇ ಮಹಡಿ, ಮರದ ನೆಲ, ಎತ್ತರದ ಸೂರು, ಬಾಗಿಲಲ್ಲಿ ಡೋರ್‌ಮ್ಯಾನ್. ಸೆಕೆಂಡ್ ಅವೆನ್ಯೂ ಕಡೆ ಐದು ನಿಮಿಷ ನಡೆದರೆ ಸಬ್‌ವೇಯ ಕ್ಯೂ (Q) ಟ್ರೈನು, ಈಚೆ ಕಡೆ ಹತ್ತು ನಿಮಿಷಕ್ಕೆ ಸೆಂಟ್ರಲ್ ಪಾರ್ಕು. ಬೆಲೆ 6,95,000 ಡಾಲರ್, ಕಾಲು ಭಾಗ ಕೈಯಿಂದ, ಉಳಿದದ್ದು ಸಾಲ. ತಿಂಗಳಿಗೆ ಮೇಂಟೆನೆನ್ಸ್ 1,740 ಡಾಲರ್ ಬೇರೆ.

ಕಾಗದಪತ್ರ ಮುಗಿದ ದಿನ ಊರಿಂದ ಅಪ್ಪನ ಫೋನು. "ಏನಮ್ಮಾ, ಕ್ರಯಪತ್ರ ಕೈಗೆ ಬಂತಾ? ಇಸಿ ತೆಗೆಸಿದ್ರಾ?"

"ಕ್ರಯಪತ್ರ ಇಲ್ಲಪ್ಪ. ಷೇರ್ ಸರ್ಟಿಫಿಕೇಟ್ ಕೊಟ್ಟಿದಾರೆ. ಅದೂ ಬ್ಯಾಂಕಿನವರ ಹತ್ರ ಇರುತ್ತೆ."

ಸ್ವಲ್ಪ ಹೊತ್ತು ಮಾತಿಲ್ಲ. "ಹಂಗಾದ್ರೆ ಮನೆ ಯಾರದು?"

ಅಪ್ಪ ಮೈಸೂರಲ್ಲಿ ಗೃಹ ನಿರ್ಮಾಣ ಸಹಕಾರ ಸಂಘದ ಸೈಟಿಗೆ ಹದಿನಾಲ್ಕು ವರ್ಷ ಕಾದವರು. ಆದರೂ ಕೊನೆಗೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸೈಟು ಅವರ ಹೆಸರಿಗೇ ಆಯಿತು. ಇಲ್ಲಿ ಹಾಗಲ್ಲ. ಇಡೀ ಕಟ್ಟಡ ಒಂದು ಕಂಪನಿಯದು. ನಾವು ಕೊಂಡದ್ದು ಅದರ 310 ಷೇರು. ಆ ಷೇರಿನ ಲೆಕ್ಕದಲ್ಲಿ ನಮ್ಮ ಮನೆಯನ್ನು ನಮಗೇ ಲೀಸಿಗೆ ಕೊಡುತ್ತಾರೆ. ಕಟ್ಟಡದ ಮೇಲೆ ಕಂಪನಿ ತೆಗೆದ ಸಾಲವೂ ಇತ್ತು. ಅದರ ಬಡ್ಡಿ ನಮ್ಮ ಮೇಂಟೆನೆನ್ಸ್ ಒಳಗೇ ಹೋಗುತ್ತಿತ್ತು. ಅಪ್ಪನ ಪ್ರಶ್ನೆಗೆ ನಾನು ಆವತ್ತು ನಕ್ಕಿದ್ದೆ.

ಕೊಳ್ಳುವ ಮುಂಚೆ ಬೋರ್ಡಿನವರು ನಮ್ಮನ್ನು ಜಾಲಾಡಿದ್ದರು. ಬೋರ್ಡು ಅಂದರೆ ಅದೇ ಕಟ್ಟಡದ ಐದಾರು ಜನ. ಎರಡು ವರ್ಷದ ಟ್ಯಾಕ್ಸ್ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿಂದ ಪತ್ರ, ಸ್ನೇಹಿತರಿಂದ "ಇವರು ಒಳ್ಳೆ ಜನ" ಅಂತ ಪತ್ರ. ಹೆಣ್ಣು ನೋಡೋಕೆ ಬಂದವರೂ ಇಷ್ಟು ವಿಚಾರಿಸಲ್ಲ. ಅವರು ನಮ್ಮ ಪೈಸೆ ಪೈಸೆ ನೋಡಿದರು. ನಾವು ಅವರ ಲೆಕ್ಕ ನೋಡಲಿಲ್ಲ. ತಪ್ಪಾದದ್ದು ಅಲ್ಲೇ.

ನಮ್ಮ ವಕೀಲರು ಬೋರ್ಡ್ ಮೀಟಿಂಗಿನ ಮಿನಿಟ್ಸ್ (ನಡಾವಳಿ) ಓದಿ ಒಂದು ಪುಟದ ಇಮೇಲ್ ಕಳಿಸಿದ್ದರು. ಅದರಲ್ಲಿ ಒಂದು ಸಾಲು, "ಮುಂಭಾಗದ ದುರಸ್ತಿ ಬಗ್ಗೆ ಚರ್ಚೆ ನಡೆದಿದೆ." ನಾನು ಅದನ್ನು ಓದಿದೆ, ಮುಂದೆ ಹೋದೆ. ಆ ಸಾಲಿನ ಬೆಲೆ 19,220 ಡಾಲರ್ ಅಂತ ಒಂದು ವರ್ಷದ ನಂತರ ಗೊತ್ತಾಯಿತು.

ನಾವಿದ್ದಾಗ ನ್ಯೂಯಾರ್ಕ್‌ನಲ್ಲಿ ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕಿತ್ತು. 1979ರಲ್ಲಿ ಬ್ರಾಡ್‌ವೇಯಲ್ಲಿ ನಡೆದು ಹೋಗುತ್ತಿದ್ದ ಕಾಲೇಜು ಹುಡುಗಿಯೊಬ್ಬಳ ಮೇಲೆ ಕಟ್ಟಡದ ಚೂರು ಬಿದ್ದು ಜೀವ ಹೋಯಿತು. ಮುಂದಿನ ವರ್ಷ ಕಾನೂನು ಬಂತು, 1998ರಲ್ಲಿ ಅದನ್ನು ಬಿಗಿ ಮಾಡಿದರು. ಲೋಕಲ್ ಲಾ 11 ಅಂತಾರೆ. ಕಾನೂನು ಸರಿಯಾದದ್ದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಕಂಪನಿಯ ಕೈಯಲ್ಲಿ ಉಳಿತಾಯದ ಹಣ ಇರಲಿಲ್ಲ. ಷೇರಿಗೆ 62 ಡಾಲರ್ ಅಂತ ಎಲ್ಲರ ಮೇಲೂ ಹೇರಿದರು. ಇದಕ್ಕೆ ಅಸೆಸ್‌ಮೆಂಟ್ ಅಂತ ಹೆಸರು. ಎರಡು ವರ್ಷ, ತಿಂಗಳಿಗೆ 800 ಡಾಲರ್ ಹತ್ತಿರ, ಮೇಂಟೆನೆನ್ಸ್ ಜೊತೆಗೆ.

ಜೊತೆಗೆ ಫುಟ್‌ಪಾತ್ ಮೇಲೆ ಮರದ ಹಲಗೆ ಹೊದಿಸಿದ ಕಬ್ಬಿಣದ ಚಪ್ಪರ ಎದ್ದಿತು. ನಾವಿದ್ದದ್ದು ಎರಡನೇ ಮಹಡಿ, ಅಲ್ವಾ? ಇಲ್ಲಿ ನೆಲಮಹಡಿಯೇ ಒಂದನೇದು. ಚಪ್ಪರದ ಸೂರು ಸರಿಯಾಗಿ ನಮ್ಮ ಕಿಟಕಿಯ ಕೆಳಗೆ. ಅದರ ಅಂಚಿಗೆ ಎಬ್ಬಿಸಿದ ಹಲಗೆಗೋಡೆ ಬೆಳಕಿಗೆ ಅಡ್ಡ, ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ಹಲಗೆ ಮೇಲೆ ಸಿಗರೇಟು ತುಂಡು, ಕಾಫಿ ಕಪ್ಪು, ಸಾಲಾಗಿ ಪಾರಿವಾಳ.

ಆಮೇಲೆ ಗ್ಯಾಸು. ಯಾವುದೋ ಮನೆಯಲ್ಲಿ ವಾಸನೆ ಬಂತು ಅಂತ ಗ್ಯಾಸ್ ಕಂಪನಿಯವರು ಬಂದು ನಮ್ಮ ಸಾಲಿನ ಪೈಪಿಗೆ ಬೀಗ ಹಾಕಿ ಹೋದರು. ಎರಡು ವಾರ ಇರಬಹುದು ಅಂದುಕೊಂಡೆವು. ಪ್ಲಂಬರ್, ಪರ್ಮಿಟ್ಟು, ಗೋಡೆ ಒಡೆಯೋದು, ಇನ್ಸ್‌ಪೆಕ್ಷನ್, ಮತ್ತೆ ಇನ್ಸ್‌ಪೆಕ್ಷನ್. ಒಂಬತ್ತು ತಿಂಗಳಾಯಿತು. ಬೋರ್ಡಿನವರು ಮನೆಗೊಂದು ಹಾಟ್‌ಪ್ಲೇಟ್ ಕೊಟ್ಟರು. ಒಗ್ಗರಣೆ ಸೌಟಲ್ಲಿ ಸಾಸಿವೆ ಸಿಡಿಯೋದಕ್ಕೆ ಏಳು ನಿಮಿಷ ಕಾಯಬೇಕಿತ್ತು. ಕುಕ್ಕರ್ ಇಟ್ಟಾಗ ಎಸಿ ಹಾಕಿದರೆ ಫ್ಯೂಸ್ ಹೋಗುತ್ತಿತ್ತು, ವೈರಿಂಗು ಅಷ್ಟು ಹಳೇದು. ಇಂಡಕ್ಷನ್ ಒಲೆಗೆ ಬೇರೆ ಲೈನ್ ಎಳೆಸುತ್ತೇವೆ ಅಂದರೆ ಅದಕ್ಕೂ ಬೋರ್ಡಿನ ಒಪ್ಪಿಗೆ, ಡೆಪಾಸಿಟ್ಟು, ಅವರ ಕಡೆಯ ಇಂಜಿನಿಯರ್ ಫೀಸು. ಬಿಟ್ಟೆವು.

ಇಷ್ಟನ್ನೂ ಸಹಿಸಬಹುದಿತ್ತು. 2023ರಲ್ಲಿ ನನ್ನ ಗಂಡನ ಕೆಲಸ ಟೆಕ್ಸಸ್‌ಗೆ ಹೋಯಿತು. ಮನೆ ಬಾಡಿಗೆಗೆ ಕೊಟ್ಟು ಹೋಗೋಣ ಅಂತ ಅರ್ಜಿ ಹಾಕಿದೆವು. ಬೋರ್ಡು ಬೇಡ ಅಂದಿತು. ನಮ್ಮ ಲೀಸಿನಲ್ಲಿ ಬಾಡಿಗೆಗೆ ಕೊಡೋದು ಹಕ್ಕಲ್ಲ, ಅವರು ಒಪ್ಪಿದರೆ ಮಾತ್ರ. ಸರಿ, ಮಾರಿಯೇ ಬಿಡೋಣ ಅಂದರೆ, 6,60,000ಕ್ಕೆ ಒಬ್ಬರು ಸಿಕ್ಕರು. ಒಳ್ಳೆ ಸಂಬಳ, ಸಾಲಸೋಲ ಇಲ್ಲ. ಹತ್ತು ವಾರ ಕಾಯಿಸಿ ಬೋರ್ಡು ಅವರನ್ನು ತಿರಸ್ಕರಿಸಿತು. ಕಾರಣ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಜನಾಂಗ, ಧರ್ಮ, ಹುಟ್ಟಿದ ದೇಶ ನೋಡಿ ತಿರಸ್ಕರಿಸುವಂತಿಲ್ಲ, ನಿಜ. ಆದರೆ ಕಾರಣವನ್ನೇ ಹೇಳದಿದ್ದಾಗ ಏನು ನೋಡಿದರು ಅಂತ ಹಿಡಿಯೋದು ಹೇಗೆ? ಬೆಲೆ ಕಡಿಮೆಯಾಯಿತು, ತಮ್ಮ ಮನೆಗಳ ರೇಟೂ ಬೀಳುತ್ತೆ ಅಂತ ಹೆದರಿದರು ಅನ್ನೋದು ನನ್ನ ಗುಮಾನಿ. ಈ ಮಧ್ಯೆ ಅಲ್ಲಿ ಬಾಡಿಗೆ, ಇಲ್ಲಿ ಸಾಲದ ಕಂತು ಮತ್ತು ಮೇಂಟೆನೆನ್ಸು.

ಕೋ-ಆಪ್ ಅಂದರೆ ಮೋಸ ಅಂತ ಹೇಳುತ್ತಿಲ್ಲ. ನಾಲ್ಕನೇ ಮಹಡಿಯ ಅಜ್ಜಿ ಮೂವತ್ತು ವರ್ಷದಿಂದ ಸುಖವಾಗಿದ್ದಾರೆ. ಅಲ್ಲೇ ಬೇರು ಬಿಡುವವರಿಗೆ ಅದು ಸರಿ. ನಮ್ಮ ಹಾಗೆ ಕೆಲಸ ಎಲ್ಲಿಗೆ ಎಳೆದರೆ ಅಲ್ಲಿಗೆ ಹೋಗುವವರು, ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದರೆ ಒಂದು ವರ್ಷ ಎದ್ದು ಹೋಗಬೇಕಾದವರು, ಬಾಡಿಗೆಯ ನಿಯಮ ಏನು ಅಂತ ಮೊದಲ ದಿನವೇ ಕೇಳಿ. ಬ್ರೋಕರ್ ಬಾಯಿಮಾತು ಬೇಡ, ಲೀಸಿನ ಆ ಪುಟವನ್ನೇ ತೋರಿಸಲಿ. ಮಾರುವಾಗ ಕಂಪನಿಗೆ ಕೊಡಬೇಕಾದ ಫ್ಲಿಪ್ ಟ್ಯಾಕ್ಸ್ ಎಷ್ಟು ಅಂತಲೂ ಕೇಳಿ. ನಮ್ಮಲ್ಲಿ ಬೆಲೆಯ 2 ಪರ್ಸೆಂಟ್ ಇತ್ತು. ಕಟ್ಟಡ ನಿಂತಿರುವ ಜಾಗ ಕಂಪನಿಯದೇನಾ, ಲೀಸಿನದಾ ಅಂತ ನೋಡಿ. ಲೀಸಿನದಾದರೆ ಅವಧಿ ಮುಗಿದಾಗ ಜಾಗದ ಬಾಡಿಗೆ ಎಲ್ಲಿಗೆ ಏರುತ್ತೋ ಹೇಳೋಕಾಗಲ್ಲ. ಮಿನಿಟ್ಸ್‌ನಲ್ಲಿ ಕಣ್ಣಿಗೆ ಬಿದ್ದ ಪ್ರತಿ ದುರಸ್ತಿಗೂ "ಎಷ್ಟು, ಯಾವಾಗ, ಯಾರ ದುಡ್ಡು" ಅಂತ ವಕೀಲರನ್ನು ಸುಮ್ನೆ ಬಿಡದೆ ಕೇಳಿ.

ನಮ್ಮ ಮನೆ ಕೊನೆಗೂ 6,35,000ಕ್ಕೆ ಒಪ್ಪಂದಕ್ಕೆ ಬಂತು. ಕೊಳ್ಳುವವರ ವಕೀಲರು ಹಳೇ ಮಿನಿಟ್ಸ್ ಎಲ್ಲಾ ಓದಿ ಹನ್ನೊಂದು ಪ್ರಶ್ನೆ ಕಳಿಸಿದರು. ಎರಡನೆಯದು ಇಡೀ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಬಗ್ಗೆ. ದೊಡ್ಡ ಕಟ್ಟಡಗಳು ಹೊರಬಿಡುವ ಇಂಗಾಲಕ್ಕೆ ನಗರ ಹಾಕಿರುವ ಮಿತಿ 2030ರಿಂದ ಬಿಗಿಯಾಗುತ್ತೆ, ದಾಟಿದರೆ ಟನ್ನಿಗೆ 268 ಡಾಲರ್ ದಂಡ, ಈ ಹಳೇ ಬಾಯ್ಲರ್ ಬದಲಿಸೋಕೆ ದುಡ್ಡು ಎಲ್ಲಿಂದ ತರ್ತೀರಿ ಅಂತ. ನಾಲ್ಕು ವರ್ಷ ಆ ಕಟ್ಟಡದಲ್ಲಿದ್ದೂ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಬೋರ್ಡಿನ ಹತ್ತಿರ ಉತ್ತರ ಇರಲಿಲ್ಲ. ಕೊಳ್ಳುವವರು ಅದನ್ನೇ ಹಿಡಿದು ಇನ್ನೂ 15 ಸಾವಿರ ಇಳಿಸಿಕೊಂಡರು. ನಾನು ಚೌಕಾಸಿ ಮಾಡದೆ ಸಹಿ ಹಾಕಿದೆ.