ದುಬೈ ಇಂಟರ್ನ್‌ಶಿಪ್ ಅಂತ ದುಡ್ಡು ಕಟ್ಟುವ ಮುಂಚೆ ರಸೀದಿ ಓದಿ

ಎಂಬಿಎ ಓದುತ್ತಿರುವವರು, ಅವರ ಅಪ್ಪ ಅಮ್ಮ ಇದನ್ನೊಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ.

2024ರಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ನನ್ನ ಎರಡನೇ ಸೆಮಿಸ್ಟರ್ ಮುಗಿದಿತ್ತು. ದುಬೈನಲ್ಲಿ ಆರು ವಾರ ಇಂಟರ್ನ್‌ಶಿಪ್, ಜೊತೆಗೆ ವಿದೇಶಿ ಯೂನಿವರ್ಸಿಟಿಯ ಸರ್ಟಿಫಿಕೇಟ್, ಎಲ್ಲ ಸೇರಿ 1,80,000 ರೂಪಾಯಿ ಅಂತ ಕಾಲೇಜಿನವರು ಅಂದರು. ಅದರ ಮೇಲೆ ಟ್ಯಾಕ್ಸ್ ಅಂತ 9,000. ದಾವಣಗೆರೆಯಲ್ಲಿ ಅಪ್ಪನದು ಹಾರ್ಡ್‌ವೇರ್ ಅಂಗಡಿ. "ಹೋಗಿ ಬಾರಪ್ಪ, ನಾಲ್ಕು ಜನರ ಮುಂದೆ ಮಾತಾಡೋ ಧೈರ್ಯ ಬರುತ್ತೆ" ಅಂತ ಚೀಟಿ ಎತ್ತಿ ಕೊಟ್ಟರು. ದುಡ್ಡು ಹೋಗಿದ್ದು ಕಾಲೇಜಿನ ಖಾತೆಗಲ್ಲ, ಒಂದು ಟ್ರಾವೆಲ್ಸ್‌ನವರ ಖಾತೆಗೆ. ಅವರು ಕೇಳಿದರು ಅಂತ ಅಪ್ಪನ ಪ್ಯಾನ್ ನಂಬರ್ ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ.

ವೀಸಾ ಕೈಗೆ ಬಂದಿದ್ದು ಹೊರಡುವ ಹಿಂದಿನ ರಾತ್ರಿ. ಏರ್‌ಪೋರ್ಟ್ ಕ್ಯೂನಲ್ಲಿ ಗೆಳೆಯ ಬೆರಳಿಟ್ಟು ತೋರಿಸಿದ: 60 ದಿನದ ಟೂರಿಸ್ಟ್ ವೀಸಾ. ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವರು, "ಇಮಿಗ್ರೇಶನ್‌ನಲ್ಲಿ ಕೇಳಿದರೆ ಸುಮ್ನೆ ತಿರುಗಾಡೋಕೆ ಅನ್ನಿ, ಇಂಟರ್ನ್‌ಶಿಪ್ ಅನ್ನಬೇಡಿ" ಅಂದರು. ಅಲ್ಲಿಂದಲೇ ವಾಪಸ್ ಹೋಗಬೇಕಿತ್ತು, ಅಲ್ವಾ? ಯುಎಇಯಲ್ಲಿ ಕೆಲಸಕ್ಕೆ ಪರ್ಮಿಟ್ ಬೇಕು. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಸಿಕ್ಕಿಬಿದ್ದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ದುಬೈನ ದೇರಾದಲ್ಲಿ ಒಂದು ರೂಮಿಗೆ ಆರು ಜನ. ಜೂನ್ ತಿಂಗಳ ಬಿಸಿಲು, ಎಸಿ ರಾತ್ರಿ ಕೈಕೊಡುತ್ತಿತ್ತು. ಕಂಪನಿ ಅಂದರೆ ಎರಡು ಟೇಬಲ್‌ನ ಟ್ರೇಡಿಂಗ್ ಆಫೀಸು. ವಿಸಿಟಿಂಗ್ ಕಾರ್ಡ್ ರಾಶಿ ಎದುರಿಗಿಟ್ಟುಕೊಂಡು ಫೋನ್ ನಂಬರುಗಳನ್ನು ಎಕ್ಸೆಲ್‌ಗೆ ತುಂಬುವುದೇ ನಮ್ಮ ಇಂಟರ್ನ್‌ಶಿಪ್. ಯೂನಿವರ್ಸಿಟಿ ಅಂದಿದ್ದು ಹೋಟೆಲ್ ಹಾಲ್‌ನಲ್ಲಿ ಅರ್ಧ ದಿನದ ಭಾಷಣ. ಸರ್ಟಿಫಿಕೇಟಿಗೆ ಬಂಗಾರ ಬಣ್ಣದ ಸ್ಟಿಕ್ಕರ್ ಇತ್ತು, ಡಿಗ್ರಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಒಂದೂ ಇರಲಿಲ್ಲ. ಬುರ್ಜ್ ಖಲೀಫಾ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಮುಂದಿನ ವರ್ಷ ಜುಲೈನಲ್ಲಿ ಅಪ್ಪನ ರಿಟರ್ನ್ ಫೈಲ್ ಮಾಡಲು ಕೂತ ಆಡಿಟರ್ 26ಎಎಸ್ (ಪ್ಯಾನ್ ನಂಬರ್ ಮೇಲೆ ಜಮಾ ಆದ ತೆರಿಗೆಯ ಪಟ್ಟಿ) ನೋಡಿ, "ಏನ್ ಸರ್, ಫಾರಿನ್ ಟೂರ್ ಹೋಗಿದ್ರಾ? ಹೇಳಲೇ ಇಲ್ಲ" ಅಂದರು. ವಿದೇಶಿ ಟೂರ್ ಪ್ಯಾಕೇಜ್ ಮಾರುವವರು ಆಗ 5 ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವಾಗಲೇ ಗ್ರಾಹಕರಿಂದ ವಸೂಲಿ ಮಾಡಿ ಅವರ ಪ್ಯಾನ್ ಮೇಲೆ ಕಟ್ಟುವ ತೆರಿಗೆ, ಹಿಡಿಯಬೇಕಿತ್ತು. ನಮ್ಮ 9,000 ಅದೇ. ಮನೆಗೆ ಬಂದು ರಸೀದಿ ಹುಡುಕಿದೆ. "ದುಬೈ ಟೂರ್ ಪ್ಯಾಕೇಜ್" ಅಂತ ಮೊದಲ ಸಾಲಿನಲ್ಲೇ ಇತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಮಡಚಿಟ್ಟರು. ಒಂದು ಮಾತೂ ಆಡಲಿಲ್ಲ.

ನಿಮ್ಮ ಕಾಲೇಜಿನವರೂ ಹೀಗೆ ಹೇಳಿದರೆ, ವಿದೇಶಿ ಯೂನಿವರ್ಸಿಟಿ ಜೊತೆಗಿನ ಎಂಒಯು (ಒಪ್ಪಂದ ಪತ್ರ) ಪ್ರತಿ ಕೇಳಿ. ಆ ಯೂನಿವರ್ಸಿಟಿಯ ವೆಬ್‌ಸೈಟಿನಿಂದಲೇ ವಿಳಾಸ ತೆಗೆದುಕೊಂಡು ನೀವೇ ಮೇಲ್ ಮಾಡಿ. ನಿಜವಾದ ಸ್ಟೂಡೆಂಟ್ ಎಕ್ಸ್‌ಚೇಂಜ್ ಆದರೆ ಸಾಮಾನ್ಯವಾಗಿ ಟ್ಯೂಷನ್ ಫೀ ನಿಮ್ಮ ಕಾಲೇಜಿಗೇ ಕಟ್ಟುತ್ತೀರಿ, ಅಲ್ಲಿನ ಕ್ರೆಡಿಟ್ ಇಲ್ಲಿಯ ಮಾರ್ಕ್ಸ್ ಕಾರ್ಡ್‌ಗೆ ಸೇರುತ್ತದೆ. ಜಂಟಿ ಡಿಗ್ರಿ ಅಂದರೆ 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ತೆಗೆದು ನೋಡಿ: ವಿದೇಶಿ ಸಂಸ್ಥೆ ಕ್ಯೂಎಸ್ ಅಥವಾ ಟೈಮ್ಸ್‌ನ ವಿಶ್ವ ಯೂನಿವರ್ಸಿಟಿ ರ್‍ಯಾಂಕಿಂಗ್ ಪಟ್ಟಿಯ ಮೊದಲ 1000ದೊಳಗೆ ಇರಬೇಕು. ವೀಸಾ ಯಾವುದು ಅಂತ ದುಡ್ಡು ಕೊಡುವ ಮುಂಚೆಯೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಆ 9,000 ಇನ್‌ಕಮ್ ಟ್ಯಾಕ್ಸ್ ರಿಫಂಡ್‌ನಲ್ಲಿ ಬಂತು. ವಾಪಸ್ ಸಿಕ್ಕಿದ್ದು ಅಷ್ಟೇ.