ಬೈಕಿಗೆ ಎತ್ತರದ ಹ್ಯಾಂಡಲ್ಲೋ, ನೇರ ಹ್ಯಾಂಡಲ್ಲೋ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ನಡುವೆ ದಿನಾ ಓಡಾಡುವವರಿಗೆ ಎತ್ತರದ ಹ್ಯಾಂಡಲ್ಲೇ ಸರಿ. ತಿರುವು, ಗುಡ್ಡ, ಹೊಂಡಗಳ ದಾರಿಯಲ್ಲಿ ಬೆನ್ನು ನೆಟ್ಟಗಿರುತ್ತದೆ, ಅಗಲವಾಗಿದ್ದರೆ ಕಡಿಮೆ ಬಲದಲ್ಲಿ ಬೈಕು ತಿರುಗುತ್ತದೆ. ತೆರೆದ ನೇರ ರಸ್ತೆಯಲ್ಲಿ ದೂರಕ್ಕೆ ವೇಗವಾಗಿ ಹೋಗುವಾಗ ಮಾತ್ರ ಗಾಳಿ ನೇರ ಎದೆಗೇ ಹೊಡೆಯುತ್ತದೆ. ಅಲ್ಲಿ ನೇರ ಹ್ಯಾಂಡಲ್ ಹಿತ, ನೋಟವೂ ಚೆಂದ; ಪೇಟೆಯ ನಿಧಾನಗತಿಯಲ್ಲಿ ಮಣಿಕಟ್ಟು ನೋಯುತ್ತದೆ. ಕ್ಲಿಪ್-ಆನ್ (ಮುಂದಿನ ಫೋರ್ಕಿನ ಎರಡು ಕೊಳವೆಗಳಿಗೆ ಬೇರೆಬೇರೆಯಾಗಿ ಬಿಗಿಯುವ ಗಿಡ್ಡ ಹಿಡಿಗಳು) ಇನ್ನೂ ತಗ್ಗು, ನಿತ್ಯದ ಓಡಾಟಕ್ಕೆ ಬೇಡವೇ ಬೇಡ.

ಖರ್ಚಿನ ವ್ಯತ್ಯಾಸ ಕಾಣುವುದು ಕೇಬಲ್‌ಗಳಲ್ಲಿ. ನೇರದ್ದಕ್ಕೆ ಹಳೆಯವೇ ಸಾಕು, ಹೆಚ್ಚಾದ ಉದ್ದ ಮಡಚಿಕೊಳ್ಳದಂತೆ ಹಾಯಿಸಬೇಕು ಅಷ್ಟೆ. ಎತ್ತರದ್ದಕ್ಕೆ ಕ್ಲಚ್, ಆಕ್ಸಿಲರೇಟರ್ ಕೇಬಲ್ ಮತ್ತು ಮುಂದಿನ ಬ್ರೇಕ್ ಹೋಸ್ (ಬ್ರೇಕ್ ದ್ರವದ ಕೊಳವೆ) ಉದ್ದದವು ಬೇಕಾಗಬಹುದು. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ. ಎಂಜಿನ್ ವೇಗ ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಹೋಸ್ ಬದಲಿಸಿದರೆ ಅದರೊಳಗೆ ಸೇರಿದ ಗಾಳಿ ತೆಗೆಸಲೇಬೇಕು, ಇಲ್ಲದಿದ್ದರೆ ಬ್ರೇಕ್ ಲಿವರ್ ಮೆತ್ತಗಾಗುತ್ತದೆ. ಕ್ಲಿಪ್-ಆನ್‌ನಲ್ಲಿ ಟ್ಯಾಂಕಿಗೂ ಹಿಡಿಗೂ ನಡುವೆ ಹೆಬ್ಬೆರಳು ಸಿಲುಕುತ್ತದೆಯೇ ನೋಡಿ.

ಕೊಳ್ಳುವ ಮೊದಲು ಕ್ಲ್ಯಾಂಪ್ ಹಿಡಿಯುವ ಜಾಗದ ವ್ಯಾಸ ಅಳೆಯಿರಿ: ಸಾಮಾನ್ಯ ಬೈಕುಗಳಲ್ಲಿ 22 ಮಿ.ಮೀ., ದಪ್ಪದ್ದರಲ್ಲಿ 28.6. ಸ್ವಿಚ್ ಡಬ್ಬಿಯ ಒಳಗಿನ ಪಿನ್‌ಗೆ ಹೊಸ ಹ್ಯಾಂಡಲಿನಲ್ಲಿ ತೂತು ಇರದಿದ್ದರೆ ಕೊರೆಸಿ. ಕೆಲವರು ಪಿನ್ನನ್ನೇ ಉಜ್ಜಿ ತೆಗೆಯುತ್ತಾರೆ; ಆಮೇಲೆ ಇಡೀ ಸ್ವಿಚ್ಚೇ ತಿರುಗತೊಡಗುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, ಕೇರಳದಲ್ಲಿ ತಪಾಸಣೆಯೂ ಬಿಗಿ. ಹಾಗಾಗಿ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಹಳೆಯ ಹ್ಯಾಂಡಲನ್ನು ಗುಜರಿಗೆ ಹಾಕಬೇಡಿ.